ಶಾಲೆಯಿಂದ ಪಂಚಾಯಿತಿಗೆ ಒಂದು ತಾರು

ಸರಕಾರಿ ಪ್ರೌಢಶಾಲೆ, ಕುಷ್ಟಗಿ ತಾಲೂಕು
14 ನವೆಂಬರ್ 2023

ಮಾನ್ಯ ಕಾಸೀಮಸಾಬ ಅವರಿಗೆ ನಮಸ್ಕಾರಗಳು.

ನನ್ನ ಹೆಸರು ಕಳಕಮ್ಮ. ಕುಷ್ಟಗಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಿಮ್ಮ ವಿಳಾಸ ಕೊಟ್ಟವರು ಅಂಚೆ ಇಲಾಖೆಯಿಂದ ನಿವೃತ್ತರಾದ ಅಮರಪ್ಪನವರು. "ತಾರಿನ ಕೆಲಸ ಗೊತ್ತಿದ್ದವರು ಈ ಜಿಲ್ಲೆದಾಗ ಇನ್ನ ಯಾರರ ಅದಾರೇನ್ರಿ?" ಎಂದು ಕೇಳಿದ್ದಕ್ಕೆ, "ಗಂಗಾವತಿ ಕಾಸೀಮಸಾಬ ಅದಾರ. ಅವರ ಕೈಯಾಗ ತಾರು ಮಾತಾಡತಿತ್ರಿ," ಎಂದರು.

ವಿಷಯ ಇಷ್ಟು. ಒಂಬತ್ತನೇ ತರಗತಿಯಲ್ಲಿ ವಿದ್ಯುತ್ಕಾಂತದ ಪಾಠ ಮಾಡುವಾಗ ಮೋರ್ಸ್ ಎಂಬ ಚಿತ್ರಕಾರ ತಂತಿಯಲ್ಲಿ ಸುದ್ದಿ, ಅಂದರೆ ತಾರು, ಕಳಿಸಲು ಹೊರಟ ಕಥೆ ಹೇಳಿದೆ. ಶಾಯಿಸ್ತಾ ಎಂಬ ಹುಡುಗಿ ಎದ್ದು ನಿಂತು, "ಚಿತ್ರಾ ಬರ‍್ಯಾವ ಮಾಡ್ಯಾನ ಅಂದ್ರ ನಾವೂ ಮಾಡಬಹುದಲ್ರಿ?" ಎಂದಳು. ಹೂಂ ಎಂದುಬಿಟ್ಟೆ. ಫೆಬ್ರುವರಿ 28, ವಿಜ್ಞಾನ ದಿನ. ಅಂದು ನಮ್ಮ ಶಾಲೆಯಿಂದ ಪಂಚಾಯಿತಿ ಕಚೇರಿಗೆ, ಒಂಬೈನೂರು ಮೀಟರ್ ದೂರ, ಮಕ್ಕಳೇ ಮಾಡಿದ ತಾರು ಹೋಗಬೇಕು. ಮುಖ್ಯ ಗುರುಗಳಾದ ಹುಲಿಗೇಶ ಸರ್ ಇದನ್ನು ಆಗಲೇ ಊರಿಗೆಲ್ಲ ಹೇಳಿಯಾಗಿದೆ.

ಹೋದ ವರ್ಷ ಪ್ರದರ್ಶನಕ್ಕೆ ಅಂಗಡಿಯಿಂದ ತಂದ ಮಾದರಿ ಒಯ್ದಿದ್ದೆವು. ನೋಡಲು ಬಂದವರು "ಇದನ್ನು ಮಾಡಿದವರು ಯಾರು?" ಎಂದಾಗ ನಮ್ಮ ಮಕ್ಕಳು ನನ್ನ ಮುಖ ನೋಡಿದರು. ಆ ನೋಟ ಮತ್ತೊಮ್ಮೆ ನನಗೆ ಬೇಡ.

ಅಕ್ಷರಗಳನ್ನು ಕಲಿಸುವುದು ಹೇಗೆ, ಕೈ ಹೇಗಿರಬೇಕು? ದಯವಿಟ್ಟು ತಿಳಿಸಿ.

ವಂದನೆಗಳೊಂದಿಗೆ,
ಕಳಕಮ್ಮ


ಗಂಗಾವತಿ
22 ನವೆಂಬರ್ 2023

ಕಳಕಮ್ಮ ಅಕ್ಕೋರಿಗೆ ಕಾಸೀಮಸಾಬನ ಸಲಾಮು.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. 1971ರಲ್ಲಿ ತಾರ್ ಕಚೇರಿಗೆ ಸೇರಿದವನು ನಾನು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೋರ್ಸ್ ಕೀ ಮೇಲೆ ಬೆರಳಿಟ್ಟು ಕೂತಿದ್ದೆ. ಗಂಗಾವತಿ ಅಕ್ಕಿ ಗಿರಣಿಗಳ ಊರು, ಸುಗ್ಗಿಯಲ್ಲಿ ಊಟಕ್ಕೆ ಏಳಲು ಬಿಡುತ್ತಿರಲಿಲ್ಲ. ಮುನಿರಾಬಾದಿನ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರೆ ಆ ಸುದ್ದಿ ಮೊದಲು ನನ್ನ ಕಿವಿಗೆ, ಆಮೇಲೆ ಊರಿಗೆ.

ಈಗ ಪಾಠ. ಗೋಡೆಗೆ ಚುಕ್ಕಿ ಗೆರೆಗಳ ಪಟ್ಟಿ ತೂಗುಹಾಕಿದ್ದರೆ ಇಂದೇ ತೆಗೆಯಿರಿ. ತಾರು ಕಣ್ಣಿನ ವಿದ್ಯೆ ಅಲ್ಲ, ಕಿವಿಯ ವಿದ್ಯೆ. ಚುಕ್ಕಿಗೆ "ತಿ", ಗೆರೆಗೆ "ತಾ" ಎಂದು ಬಾಯಲ್ಲಿ ಹೇಳಿಸಿ. A ಅಂದರೆ ತಿ‑ತಾ. N ಅಂದರೆ ತಾ‑ತಿ. ಮೂರು "ತಿ" ಹಿಡಿಯುವಷ್ಟು ಹೊತ್ತು ಒಂದು "ತಾ". ಬೆರಳು ಬಿಗಿಯಬಾರದು, ಮಣಿಕಟ್ಟು ಸಡಿಲ ಇರಲಿ. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕಳಿಸಿರಿ, ನಮ್ಮ ಕಾಲದಲ್ಲೂ ಮಂದಿ ಹಾಗೇ ಬರೆಸುತ್ತಿದ್ದರು.

ಕೇಳುವುದು ಇನ್ನೂ ಇದ್ದರೆ ಬರೆಯಿರಿ. ನಾನು ಮಾತಿನ ಮನುಷ್ಯ. ಸುರು ಮಾಡಿದರೆ, ನಿಲ್ಲಿಸಲು ನನ್ನ ಹೆಂಡತಿ ಹಜರತಬೀ ಚಹಾ ತಂದು ಮುಂದಿಡಬೇಕು.

ನಿಮ್ಮ
ಕಾಸೀಮಸಾಬ


ಕುಷ್ಟಗಿ ತಾಲೂಕು
9 ಡಿಸೆಂಬರ್ 2023

ಪ್ರೀತಿಯ ಕಾಸೀಮಸಾಬ ಅವರಿಗೆ,

ನಿಮ್ಮ "ತಿ ತಾ" ಶಾಲೆಯನ್ನೇ ಹಿಡಿದಿದೆ. ಬಿಸಿಯೂಟದ ಸಾಲಿನಲ್ಲಿ ನಿಂತ ಮಕ್ಕಳು ತಟ್ಟೆ ಬಡಿದು ಅಕ್ಷರ ಹೇಳುತ್ತಾರೆ. ಅಡುಗೆಯವರು ನನಗೆ ಶಾಪ ಹಾಕುತ್ತಾರೆ.

ಯಂತ್ರವೂ ತಯಾರಾಗಿದೆ. ಕಬ್ಬಿಣದ ಮೊಳೆಗೆ ತಂತಿ ಸುತ್ತಿ, ಮೇಲೆ ತಗಡಿನ ಪಟ್ಟಿ ಕೂಡಿಸಿ, ಕೀ ಒತ್ತಿದರೆ ಟಕ್ ಎನ್ನುತ್ತದೆ. ಅಮರಪ್ಪನವರು ಹಳೆಯ ಟೆಲಿಫೋನ್ ತಂತಿಯ ಸುರುಳಿಗಳನ್ನು ಕೊಡಿಸಿದ್ದಾರೆ. ಎಲ್ಲ ಸರಾಗವಾಗಿ ನಡೆದಿದೆ. ಅಂದ ಹಾಗೆ, ತಂತಿ ಉದ್ದವಾದರೆ ಸೆಲ್ಲು ಜಾಸ್ತಿ ಬೇಕೇನು? ಸುಮ್ಮನೆ ಕೇಳಿದೆ.

ಒಂದು ವಿನಂತಿ. ನಿಮ್ಮ ಫೋನ್ ನಂಬರ್ ಕಳಿಸಿ. ತರಗತಿಯಲ್ಲಿ ಸ್ಪೀಕರ್ ಹಾಕುತ್ತೇನೆ. ನಲವತ್ತೊಂದು ಮಕ್ಕಳಿಗೂ ನಿಮ್ಮ ದನಿ ಕೇಳುವ ಆಸೆ.

ಕಳಕಮ್ಮ


ಗಂಗಾವತಿ
18 ಡಿಸೆಂಬರ್ 2023

ಅಕ್ಕೋರೆ,

ಶಾಭಾಸ್! ಯಂತ್ರ ಟಕ್ ಎಂದಿತೆಂದರೆ ಉಳಿದದ್ದೆಲ್ಲ ಸಲೀಸು. ತಂತಿ ಉದ್ದವಾದರೆ ಸೆಲ್ಲು ಎರಡು ಹೆಚ್ಚು ಹಾಕಿ ನೋಡಿರಿ.

ಮಕ್ಕಳಿಗೆ ಇದನ್ನು ಹೇಳಿರಿ. 1839ರಲ್ಲಿ, ಹೊರದೇಶದ ತಾರುಗಳೇ ಇನ್ನೂ ಎಳೆಗೂಸಾಗಿದ್ದಾಗ, ಕಲ್ಕತ್ತಾದಲ್ಲಿ ಓಶಾನೆಸಿ ಎಂಬ ವೈದ್ಯರಿದ್ದರು. ಅವರು ಬಿದಿರಿನ ಗಳಗಳ ಮೇಲೆ ಮೈಲಿಗಟ್ಟಲೆ ತಂತಿ ಎಳೆದರು. ಟಕ್ ಎನ್ನುವ ಯಂತ್ರ ಇರಲಿಲ್ಲ. ತಂತಿಯ ತುದಿಗೆ ಬೆರಳಿಟ್ಟು, ವಿದ್ಯುತ್ತು ಚುಚ್ಚಿದ್ದನ್ನು ಎಣಿಸಿ ಸುದ್ದಿ ಓದಿ ನೋಡಿದರು. ತಂತಿ ಸಾಲದಾದಾಗ ಹೂಗ್ಲಿ ನದಿಯ ನೀರನ್ನೇ ತಂತಿ ಮಾಡಿಕೊಂಡರು. ಮನುಷ್ಯನಿಗೆ ಸುದ್ದಿ ಮುಟ್ಟಿಸಲೇಬೇಕು ಅನ್ನಿಸಿದರೆ ಹೊಳೆಯೂ ದಾರಿಯಾಗುತ್ತದೆ.

ಫೋನು ನನಗೆ ಆಗಿಬರುವುದಿಲ್ಲ. ಅಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಪತ್ರವೇ ಸಾಕು.

ಕಾಸೀಮಸಾಬ


ಕುಷ್ಟಗಿ ತಾಲೂಕು
6 ಜನವರಿ 2024

ಮಾನ್ಯರೇ,

ನಿಮ್ಮ ಮಾತು ಮೀರಿದ್ದು ನನ್ನ ತಪ್ಪು. ಗುರುವಾರ ಅಮರಪ್ಪನವರಿಂದ ನಂಬರ್ ಪಡೆದು ತರಗತಿಯಿಂದಲೇ ಫೋನ್ ಮಾಡಿದೆ. ಮಕ್ಕಳು ಮೇಜಿನ ಸುತ್ತ ಮುತ್ತಿಕೊಂಡಿದ್ದರು. ಆ ಕಡೆ ಎತ್ತಿದರು. ಉಸಿರು ಕೇಳುತ್ತಿತ್ತು. "ಕಾಸೀಮಸಾಬ ಅವರೇನ್ರಿ? ನಾ ಕಳಕಮ್ಮ ಮಾತಾಡಾಕತ್ತೀನ್ರಿ," ಎಂದು ಎರಡು ಸಲ ಹೇಳಿದೆ. ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಬಂದ್.

ಶಾಯಿಸ್ತಾ ಕೇಳಿದಳು: "ನಮ್ಮ ಸಾಲಿ ಭಾಳ ಸಣ್ಣದು ಅನಿಸಿರಬೇಕೇನ್ರಿ ಅವರಿಗೆ?"

ಇಷ್ಟು ದಿನ ಕಲಿಸಿದ್ದಕ್ಕೆ ಉಪಕಾರ. ಇನ್ನು ತೊಂದರೆ ಕೊಡುವುದಿಲ್ಲ.

ಕಳಕಮ್ಮ


ಗಂಗಾವತಿ
20 ಜನವರಿ 2024

ಕಳಕಮ್ಮಗ ಹಜರತಬೀ ಮಾಡೂ ಸಲಾಮ್.

ನಾ ಏಳನೇತ್ತ ತನಕಾ ಓದಿದಾಕಿ. ಅಕ್ಷರ ಸೊಟ್ಟ ಅದಾವ, ಮಾಫ್ ಮಾಡವಾ. ಇವರು ನನ್ನ ಎದುರಿಗೇ ಕುಂತಾರ. ಬರೀಬ್ಯಾಡ ಅಂತ ಕೈ ಮಾಡಾಕತ್ತಾರ. ಮಾಡ್ಲಿ.

ಇವರಿಗೆ ಗಂಟಲದಾಗ ಗಂಟಾಗಿತ್ತು. ಹುಬ್ಬಳ್ಳಿಯೊಳಗ ಆಪರೇಶನ್ ಆತು. ಜೀವ ಉಳೀತು, ದನಿ ಹೋತು. ಹದಿನಾಕು ತಿಂಗಳಾತವಾ. ಕುತಿಗ್ಯಾಗ ತೂತು ಮಾಡ್ಯಾರ, ಅದರಾಗಿಂದನ ಉಸರಾಡತಾರ. ಮ್ಯಾಲೆ ಬಿಳಿ ಅರಿವಿ ಕಟಗೊಂಡಿರತಾರ. ಅವತ್ತಿನಿಂದ ಹೊಸ್ತಲಾ ದಾಟಿಲ್ಲ. ಮಸೂತಿಗಿಲ್ಲ, ಬಾಜಾರಕ್ಕಿಲ್ಲ. ಮಗಳು ಕೊಪ್ಪಳದಾಗ ಅದಾಳ, ಅಕಿ ಮನಿಗೂ ಇಲ್ಲ. ಮಂದಿ ಕುತಿಗಿ ನೋಡತಾರ ಅಂತ ಹಾಳ್ಯಾಗ ಬರದು ತೋರಸತಾರ.

ನಿಮ್ಮ ಫೋನ್ ಬಂದಾಗ ನಾ ಹಿತ್ತಲದಾಗ ಅರಿವಿ ಒಗ್ಯಾಕತ್ತಿದ್ದೆ. ಇವರು ಎತ್ತ್ಯಾರ. ನಿಮ್ಮ ದನಿ ಕೇಳಿ ಮಾತಾಡಾಕ ಬಾಯಿ ತಗದಾರ. ಬರೇ ಗಾಳಿ ಬಂದೈತಿ. ನಾ ಒಳಗ ಬರೂದರಾಗ ಫೋನ್ ಬಂದ್ ಮಾಡಿ ಅಕ್ಕಿ ಡಬ್ಬ್ಯಾಗ ಹೂತಿದ್ರು.

ಒಂದ ಮಾತು ಹೇಳತೀನಿ. ನಿಮ್ಮ ಪತ್ರ ಬಂದ ದಿನ ಇವರು ಇಸ್ತ್ರಿ ಅಂಗಿ ಕೇಳತಾರ. ಅಂಗಿ ಹಾಕ್ಕೊಂಡು, ತಲಿ ಬಾಚಗೊಂಡು ಜವಾಬು ಬರ‍್ಯಾಕ ಕುಂದರತಾರ. ನೀವು ಬರ‍್ಯೂದ ಬಿಟ್ಟರ ನಾ ಯಾರ ಅಂಗಿ ಇಸ್ತ್ರಿ ಮಾಡ್ಲಿ? ಬರೀವಾ.

ಹಜರತಬೀ


ಕುಷ್ಟಗಿ ತಾಲೂಕು
25 ಜನವರಿ 2024

ಕಾಸೀಮ ಕಾಕಾ,

ಇನ್ನು ಹಾಗೇ ಕರೆಯುತ್ತೇನೆ. ಕಾಕೀ ಅವರಿಗೆ ನನ್ನ ನಮಸ್ಕಾರ ಹೇಳಿ.

ಅವರ ಪತ್ರವನ್ನು ಮಕ್ಕಳಿಗೆ ಓದಿ ಹೇಳಿದೆ. ಕೇಳದೆಯೇ ಹೇಳಿದ್ದು ತಪ್ಪಾಗಿದ್ದರೆ ಬೈಯಿರಿ, ಆದರೆ ಮಕ್ಕಳು ನಿಮ್ಮನ್ನು ಸೊಕ್ಕಿನವರು ಎಂದುಕೊಂಡಿರುವುದು ನನಗೆ ಸಹಿಸಲಾಗಲಿಲ್ಲ. ಹಾಗೆ ಅಂದುಕೊಳ್ಳುವಂತೆ ಮಾಡಿದವಳೂ ನಾನೇ. ನನ್ನನ್ನು ಕ್ಷಮಿಸಿ.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಎಲ್ಲ ಸರಾಗವಾಗಿದೆ ಎಂದು ಬರೆದೆನಲ್ಲ, ಅದು ಸುಳ್ಳು. ನಮ್ಮ ಯಂತ್ರ ಒಂದೇ ಕೋಣೆಯೊಳಗೆ ಟಕ್ ಎನ್ನುತ್ತದೆ. ತಂತಿ ಆಟದ ಮೈದಾನ ದಾಟಿತೋ, ಸತ್ತಂತೆ ಬೀಳುತ್ತದೆ. ನೀವು ಹೇಳಿದಂತೆ ಎರಡಲ್ಲ, ಎಂಟು ಸೆಲ್ಲು ಹೆಚ್ಚು ಹಾಕಿದೆ. ಮಿಸುಕಲಿಲ್ಲ. ಮೊಳೆಗೆ ಇಪ್ಪತ್ತು ಸುತ್ತು ದಪ್ಪ ತಂತಿ ಇದೆ. ಎರಡನೇ ತಂತಿಯ ಬದಲು ನೆಲವನ್ನೇ ಬಳಸಲು ಎರಡೂ ಕಡೆ ಕಬ್ಬಿಣದ ಸರಳು ನೆಟ್ಟಿದ್ದೇನೆ. ಎಲ್ಲಿ ಎಡವಿದ್ದೇನೆ ತಿಳಿಯದು.

ಹುಲಿಗೇಶ ಸರ್ ನಿನ್ನೆ ಹೇಳಿದರು: "ಅಕ್ಕೋರ, ಪಂಚಾಯ್ತಿ ಕಡೆ ಪೆಟಗ್ಯಾಗ ಒಂದು ಮೊಬೈಲ್ ಇಟ್ಟಬಿಡ್ರಿ. ಟಿಕ್ ಟಿಕ್ ಅಂದ್ರ ಮುಗೀತು. ಒಳಗ ಯಾರ ಇಣುಕಿ ನೋಡತಾರ?" ನಾನು ಬೇಡ ಎನ್ನಲಿಲ್ಲ. ಮನೆಗೆ ಬಂದು ಪೆಟ್ಟಿಗೆಯ ಅಳತೆಯನ್ನೂ ತೆಗೆದೆ. ಇದನ್ನು ಇನ್ನಾರಿಗೂ ಹೇಳಿಲ್ಲ.

ಕಳಕಮ್ಮ


ಗಂಗಾವತಿ
31 ಜನವರಿ 2024

ಕಳಕಮ್ಮ,

ಹಜರತಬೀ ಮೇಲೆ ಅರ್ಧ ದಿನ ಸಿಟ್ಟು ಮಾಡಿದೆ. ಸಿಟ್ಟು ಮಾಡಲೂ ದನಿ ಬೇಕು ತಾಯಿ, ದನಿ ಇಲ್ಲದವನ ಸಿಟ್ಟು ಬೇಗ ಆರುತ್ತದೆ. ಮಕ್ಕಳಿಗೆ ಓದಿ ಹೇಳಿದ್ದು ಒಳ್ಳೆಯದೇ ಆಯಿತು.

ಪೆಟ್ಟಿಗೆಯಲ್ಲಿ ಮೊಬೈಲ್ ಇಡಬೇಡ. ಯಾಕೆಂದು ಹೇಳುತ್ತೇನೆ, ಕೇಳು.

ನೀನು ಹೇಳಿದ ಆ ಚಿತ್ರಕಾರ ಮೋರ್ಸ್ ಕೂಡ ಇಲ್ಲೇ ಎಡವಿದ್ದ. ಅವನ ಯಂತ್ರ ನಲವತ್ತು ಅಡಿ ತಂತಿಯಲ್ಲಿ ನುಡಿಯುತ್ತಿತ್ತು, ಅದರಾಚೆ ಮೂಕ. ಗೇಲ್ ಎಂಬ ರಸಾಯನಶಾಸ್ತ್ರದ ಮೇಷ್ಟ್ರು ಬಂದು ಅವನ ಯಂತ್ರ ನೋಡಿದ. ಹೆನ್ರಿ ಎಂಬ ಇನ್ನೊಬ್ಬ ಮೇಷ್ಟ್ರು ಕೆಲವು ವರ್ಷ ಮೊದಲೇ ಬರೆದಿಟ್ಟಿದ್ದ ಪಾಠ ಅವನಿಗೆ ಗೊತ್ತಿತ್ತು. ಸುತ್ತು ಹೆಚ್ಚು ಹಾಕು, ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸು ಎಂದ. ಅಷ್ಟೇ. ನಲವತ್ತು ಅಡಿಯ ಯಂತ್ರ ಹತ್ತು ಮೈಲಿ ನುಡಿಯಿತು. ಮೋರ್ಸ್ ಕೇಳಿ ತಿಳಿದುಕೊಂಡದ್ದು ತಪ್ಪಲ್ಲ. ದೊಡ್ಡವನಾದ ಮೇಲೆ ಹೆನ್ರಿಯ ಉಪಕಾರ ಇಲ್ಲವೆಂದನಲ್ಲ, ಅದು ತಪ್ಪು. ನೀನು ಡಿಸೆಂಬರಿನಲ್ಲೇ ಬಿಚ್ಚಿ ಹೇಳಿದ್ದರೆ ಇಷ್ಟು ದಿನ ಕಳೆಯುತ್ತಿರಲಿಲ್ಲ. ಎರಡು ಸೆಲ್ಲು ಹಾಕು ಎಂದು ವಿಚಾರಿಸದೆ ಬರೆದ ನಾನೂ ಜಾಣನಲ್ಲ.

ಕುಷ್ಟಗಿಯಲ್ಲಿ ಮೋಟಾರು, ಫ್ಯಾನು ಸುತ್ತುವ ಅಂಗಡಿ ಇದ್ದೇ ಇರುತ್ತದೆ. ಫ್ಯಾನಿಗೆ ಸುತ್ತುವ ಸಣ್ಣ ತಾಮ್ರದ ತಂತಿ ತಾ. ಇಪ್ಪತ್ತಲ್ಲ, ಎರಡು ಸಾವಿರ ಸುತ್ತು ಹಾಕಿಸು. ಟಾರ್ಚಿನ ಸೆಲ್ಲು ಎಸೆ. ರೈತರು ಬೆನ್ನಿಗೆ ಕಟ್ಟಿಕೊಂಡು ಬೆಳೆಗೆ ಕ್ರಿಮಿನಾಶಕದ ಎಣ್ಣೆ ಹೊಡೆಯುವ ಪಂಪಿನಲ್ಲಿ ಹನ್ನೆರಡು ವೋಲ್ಟಿನ ಬ್ಯಾಟರಿ ಇರುತ್ತದೆ, ಅಂಥವು ಎರಡು ಬೇಕು. ಇನ್ನು ಸರಳು. ಒಣ ನೆಲದಲ್ಲಿ ನೆಟ್ಟಿದ್ದೀಯಲ್ಲವೇ? ಕಿತ್ತು, ಬೋರ್‌ವೆಲ್ಲಿನ ಹತ್ತಿರ ಕೊಡ ತೊಳೆಯುವಲ್ಲಿ, ಸದಾ ಕೆಸರಿರುವ ಜಾಗದಲ್ಲಿ ಆಳವಾಗಿ ಹೊಡೆ. ಉಪ್ಪು ನೀರು ಸುರಿ.

ಇಪ್ಪತ್ತೆಂಟು ದಿನ ಇವೆ. ಸಾಕು.

ಕಾಕಾ


ಕುಷ್ಟಗಿ ತಾಲೂಕು
14 ಫೆಬ್ರುವರಿ 2024

ಕಾಕಾ,

ನುಡಿಯಿತು!

ಮೋಟಾರು ಸುತ್ತುವ ಹಾಲೇಶ ಎಂಬವರು ವಿಷಯ ಕೇಳಿ ತಂತಿಯ ಜೊತೆಗೆ ಸುತ್ತುವ ಕೈಯಂತ್ರವನ್ನೂ ಕೊಟ್ಟು ಕಳಿಸಿದರು. ಎರಡು ಕಡೆಗೆ ಎರಡು ಯಂತ್ರ, ಒಂದೊಂದಕ್ಕೂ ನಲವತ್ತೊಂದು ಮಕ್ಕಳು, ಒಬ್ಬೊಬ್ಬರಿಗೆ ಐವತ್ತು ಸುತ್ತು. ಲೆಕ್ಕ ತಪ್ಪಿದವರು ಬಿಚ್ಚಿ ಮತ್ತೆ ಸುತ್ತಿದರು. ಸೋಮವಾರ ಸಂಜೆ ನಾಲ್ಕಕ್ಕೆ ನಾನು ಪಂಚಾಯಿತಿಯಲ್ಲಿ ಯಂತ್ರದ ಮುಂದೆ ಕೂತಿದ್ದೆ. ಟಕ್ ಎಂದಾಗ ಕೈಯಲ್ಲಿದ್ದ ನೀರಿನ ಬಾಟ್ಲಿ ಬಿತ್ತು. ಹುಲಿಗೇಶ ಸರ್‌ಗೆ ಮೊಬೈಲ್ ಬೇಡವೆಂದು ಹೇಳಿದೆ. "ಆತು ಬಿಡ್ರಿ, ನಾನೂ ಸುಮ್ನ ಅಂದಿದ್ದೆ," ಎಂದು ನಕ್ಕರು.

ಈಗ ಕೇಳುತ್ತೇನೆ. 28ಕ್ಕೆ ಪಂಚಾಯಿತಿ ಕಡೆಯ ಕೀ ಮೇಲೆ ನೀವೇ ಕೂರಬೇಕು. ಬಸ್ಸಿಗೆ ಬೇಡ, ಕಾರು ಕಳಿಸುತ್ತೇನೆ. ಕಾಕೀ ಕೂಡ ಬರಲಿ.

ಕಳಕಮ್ಮ


ಗಂಗಾವತಿ
20 ಫೆಬ್ರುವರಿ 2024

ಕಳಕಮ್ಮ,

ಬರಲಾರೆ ಎಂದು ಒಂದು ಪತ್ರ ಬರೆದೆ. ಹಜರತಬೀ ಓದಿ ಒಲೆಗೆ ಹಾಕಿದಳು. ಬರುತ್ತೇನೆ.

ವೇದಿಕೆಗೆ ಕರೆಯಬೇಡ. ಹಾರ, ಶಾಲು ಬೇಡ. ಒಂದು ಮೇಜು, ಒಂದು ಕುರ್ಚಿ. ಬಾಗಿಲು ಅರ್ಧ ಮುಚ್ಚಿರಲಿ. ನೀವು ಬರೆದುಕೊಟ್ಟ ಒಂದು ಸಾಲು ಕಳಿಸಿ ಎದ್ದು ಬರುತ್ತೇನೆ.

ಕಾಕಾ


ಕುಷ್ಟಗಿ ತಾಲೂಕು
1 ಮಾರ್ಚ್ 2024

ಕಾಕಾ,

ನೀವು ಪಂಚಾಯಿತಿಯಲ್ಲಿದ್ದಿರಿ, ನಾನು ಶಾಲೆಯಲ್ಲಿ. ಸಂಜೆ ಕಾರು ಹತ್ತುವ ಗಡಿಬಿಡಿಯಲ್ಲಿ ಏನೂ ಹೇಳಲಾಗಲಿಲ್ಲ. ನಮ್ಮ ಕಡೆ ಏನಾಯಿತು ಎಂದು ಈಗ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ನಿಮ್ಮ ಸಾಲು ಬಂತು. ಮಕ್ಕಳು ಒಂದೊಂದೇ ಅಕ್ಷರ ಕೂಗಿದರು, ಹಲಗೆಯ ಮೇಲೆ ಬರೆದರು: "ವಿಜ್ಞಾನ ದಿನದ ಶುಭಾಶಯ." ಅಂಗಳ ತುಂಬ ಚಪ್ಪಾಳೆ. ನಾವು "ಧನ್ಯವಾದ" ಎಂದು ಕಳಿಸಬೇಕು, ಕಾರ್ಯಕ್ರಮ ಮುಗಿಯಬೇಕು. ಅಷ್ಟೇ ಮೊದಲು ನಿಗದಿಯಾಗಿದ್ದು. ಆದರೆ ಕೀ ಮೇಲಿದ್ದವಳು ಶಾಯಿಸ್ತಾ. ಧನ್ಯವಾದ ಕಳಿಸಲಿಲ್ಲ. ತನ್ನಷ್ಟಕ್ಕೆ ತಾನು ಬಡಿದಳು. ನಾನು ಕಿವಿಗೊಟ್ಟು ಕೇಳಿದೆ: "ನಿಮ್ಮ ಹೆಸರೇನು?"

ನಿಮ್ಮ ಕಡೆಯಿಂದ ಏನೂ ಬರಲಿಲ್ಲ. ಹುಲಿಗೇಶ ಸರ್ ನನ್ನ ಕಡೆ ನೋಡಿದರು. ಶಾಯಿಸ್ತಾ ಕೀ ಮೇಲಿಂದ ಕೈ ತೆಗೆದು, "ತಪ್ಪ ಮಾಡಿದ್ನೇನ್ರಿ ಟೀಚರ್?" ಎಂದಳು. ಅಷ್ಟರಲ್ಲಿ ಟಕ್ ಟಕ್ ಸುರುವಾಯಿತು.

ನಲವತ್ತು ನಿಮಿಷ, ಕಾಕಾ. ಮಕ್ಕಳಿಗೆಂದು ನಿಧಾನ ಬಡಿಯುತ್ತಿದ್ದಿರಿ, ಒಂದಕ್ಷರ ತಪ್ಪಲಿಲ್ಲ. ಕೂಗುವವರು ಸರದಿಯಲ್ಲಿ ಬದಲಾದರು. ಅತಿಥಿಗಳಾಗಿ ಬಂದ ಅಧಿಕಾರಿ ಕೈಯಲ್ಲಿ ಕಾರಿನ ಕೀಲಿ ಹಿಡಿದು ನಿಂತೇ ಇದ್ದರು, ಹೋಗಲಿಲ್ಲ. ಮಕ್ಕಳು ಬರೆದುಕೊಂಡದ್ದನ್ನು ಹಾಗೇ ನಕಲು ಮಾಡಿ ಕಳಿಸುತ್ತಿದ್ದೇನೆ. ನೀವು ಆಡಿದ ಮಾತು ನಿಮ್ಮ ಹತ್ತಿರವೂ ಇರಲಿ:

"ಹೆಸರು ಕಾಸೀಮಸಾಬ. ಊರು ಗಂಗಾವತಿ. ಹದಿನೈದು ತಿಂಗಳಾತು ಮಾತಾಡಿಲ್ಲ. ಇವತ್ತ ಭಾಳ ಮಾತಾಡಬೇಕು ಅನಸಾಕತ್ತೈತಿ. ನಿಮ್ಮ ಕೈ ನೊಂದರ ಹೇಳ್ರಿ. ಒಂದ ತಾರಿನ ಸುದ್ದಿ ಹೇಳತೀನಿ. 1978, ಸುಗ್ಗಿ ದಿನ. ಒಂದರ ಹಿಂದ ಒಂದು ತಾರು ಬರಾಕತ್ತಿದ್ವು. ಒಂದು ಬಂತು. ವಿಳಾಸ ಬರಕೊಂಡೆ. ನಂದೇ ವಿಳಾಸ. ಕೈ ನಿಲ್ಲಿಸಲಿಲ್ಲ. ಅಮ್ಮ ತೀರಿದಳು, ಬಾ. ಅಷ್ಟ ಇತ್ತು. ಮುಟ್ಟಿತು ಅಂತ ತಿರುಗಿ ಬಡದೆ. ಹಿಂದ ಇನ್ನ ಮೂರು ತಾರು ಇದ್ವು. ಅವರ ಮನಿಯಾಗೂ ಏನೋ ಆಗಿರಬಹುದು ಅಂತ ಅವನ್ನೂ ಬರಕೊಂಡೆ. ಆಮ್ಯಾಲೆ ಎದ್ದು ಹೋದೆ. ಇದನ್ನ ಯಾರಿಗೂ ಹೇಳಿದ್ದಿಲ್ಲ. ಈಗ ನಿಮ್ಮ ಹೆಸರ ಹೇಳ್ರಿ, ಒಬ್ಬೊಬ್ಬರ."

ನಲವತ್ತೊಂದು ಹೆಸರೂ ನಿಮಗೆ ಮುಟ್ಟಿದವಲ್ಲವೇ?

ನಿಮ್ಮ
ಕಳಕಮ್ಮ


ಗಂಗಾವತಿ
6 ಮಾರ್ಚ್ 2024

ಕಳಕಮ್ಮ,

ನಲವತ್ತೊಂದೂ ಮುಟ್ಟಿದವು. ಬರೆದಿಟ್ಟಿದ್ದೇನೆ. ಮುಷರಫ ಎಂಬ ಹುಡುಗನ "ತಾ" ಸ್ವಲ್ಪ ಗಿಡ್ಡ, ತಿದ್ದು.

ಈಗ ನನ್ನ ಕಡೆಯದು. ನಾನು ಕೇಳಿದಂತೆ ಬಾಗಿಲು ಅರ್ಧ ಮುಚ್ಚಿದ್ದರು. ಪಂಚಾಯಿತಿ ಸದಸ್ಯೆ ಪಕ್ಕೀರವ್ವ ಮಾತ್ರ ಒಳಗಿದ್ದರು, ಮಿಕ್ಕವರು ಹೊರಗೆ. ಬರೆದುಕೊಟ್ಟ ಸಾಲು ಕಳಿಸಿ ಕುರ್ಚಿ ಹಿಂದೆ ಸರಿಸಿದ್ದೆ. ಹೆಸರೇನು ಎಂದು ಬಂತು. ಕೈ ಮಡಿಲಲ್ಲೇ ಉಳಿಯಿತು. ಪಕ್ಕೀರವ್ವ "ಏನ ಕೇಳ್ಯಾರ್ರಿ?" ಎಂದರು. "ನನ್ನ ಹೆಸರು" ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ಚೀಟಿ ಓದಿ, ನನ್ನ ಕುತ್ತಿಗೆ ನೋಡಿ, ಆಮೇಲೆ ನನ್ನ ಮುಖ ನೋಡಿ, "ಹೇಳ್ರಿ ಮತ್ತ! ಸಣ್ಣ ಹುಡುಗಿ ಹೆಸರ ಕೇಳಿದರ ಸುಮ್ಮನ ಕುಂದರತಾರೇನು?" ಎಂದು ಗದರಿಸಿದರು. ಹೋಗಿ ಬಾಗಿಲನ್ನು ಪೂರ್ತಿ ತೆಗೆದರು. "ಬರ‍್ರಿ ಒಳಗ, ಹಿರ‍್ಯಾರು ಮಾತಾಡತಾರ," ಎಂದು ಮಂದಿಯನ್ನೆಲ್ಲ ಕರೆದರು.

ಕೋಣೆ ತುಂಬಿತು. ಮಧ್ಯದಲ್ಲಿ ಎಲ್ಲೋ ಕುತ್ತಿಗೆಯ ಅರಿವೆ ಸರಿದು ಬಿದ್ದಿದೆ. ಮುಗಿದ ಮೇಲೆ ಹಜರತಬೀ ಎತ್ತಿಕೊಟ್ಟಾಗಲೇ ನನಗೆ ಗೊತ್ತಾದದ್ದು. ಯಾರೂ ಎದ್ದು ಹೋಗಿರಲಿಲ್ಲ.

ಬರುವಾಗ ಕೊಪ್ಪಳದಲ್ಲಿ ಮಗಳ ಮನೆಗೆ ಹೋಗಿ ಎರಡು ದಿನ ಇದ್ದು ಬಂದೆವು. ಇನ್ನು ಶನಿವಾರ ಶನಿವಾರ ನಿಮ್ಮ ಶಾಲೆಗೆ ಬರುತ್ತೇನೆ. ಕಾರು ಬೇಡ, ಬಸ್ಸಿದೆ. ಮಕ್ಕಳ ವೇಗ ನಿಮಿಷಕ್ಕೆ ಹತ್ತು ಪದಕ್ಕೆ ಏರಬೇಕು.

ಹಜರತಬೀಗೂ ಕಲಿಸುತ್ತಿದ್ದೇನೆ. ಹನ್ನೊಂದು ಅಕ್ಷರ ಬಂದಿವೆ. ಉಳಿದ ಹದಿನೈದರ ಪುರುಸೊತ್ತು ಅವಳಿಗಿಲ್ಲ. ನಿನ್ನೆ ಅಡುಗೆಮನೆಯಿಂದಲೇ ಸೌಟಿನಿಂದ ಪಾತ್ರೆ ಬಡಿದು ನನ್ನನ್ನು ಸೋಮಾರಿ ಎಂದಳು. ನಾನು ಬಿಡುತ್ತೇನೆಯೇ? ಪಡಸಾಲೆಯಿಂದ ಲೋಟ ಬಡಿದು ಉತ್ತರ ಕೊಟ್ಟೆ. ಅವಳು ಮತ್ತೆ ಬಡಿದಳು. ಹದಿನೈದು ತಿಂಗಳ ಮೇಲೆ ನಮ್ಮ ಮನೆಯಲ್ಲಿ ಜಗಳ ಸುರುವಾಗಿದೆ, ತಾಯಿ.

ಕಾಕಾ